ಹಾಳೆಯ ಊಟ, ಬೇಟೆಯ ಪಾಲು

ಅಡಕೆ ಮರದಿಂದ ಕಳಚಿ ಬಿದ್ದ ಹಾಳೆಯನ್ನು ಮೊಣಕೈ ಉದ್ದಕ್ಕೆ ಕತ್ತರಿಸಿ, ಎರಡು ತುದಿಗಳನ್ನೂ ಒಳಕ್ಕೆ ಮಡಚಿ, ಬಿದಿರ ಕಡ್ಡಿ ಚುಚ್ಚಿದರೆ ನಾಯಿಯ ಊಟದ ಪಾತ್ರೆ ಸಿದ್ಧ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಮನೆಗಳ ಹಿತ್ತಿಲಿನಲ್ಲಿ, ಬಚ್ಚಲ ಒಲೆಯ ಪಕ್ಕದಲ್ಲೋ ಕೊಟ್ಟಿಗೆಯ ಮಾಡಿನ ಕೆಳಗೋ ಇಂಥದ್ದೊಂದು ಹಾಳೆ ಬಿದ್ದಿರುತ್ತಿತ್ತು. ಹರಿದರೆ ಇನ್ನೊಂದು. ತೋಟವಿದ್ದ ಮನೆಗೆ ಹಾಳೆಗೇನೂ ಬರವಿರಲಿಲ್ಲ. ಅದಕ್ಕೆ ಬೀಳುತ್ತಿದ್ದುದು ಮನೆಯವರೆಲ್ಲ ಉಂಡ ಮೇಲೆ ಉಳಿದ ಅನ್ನ, ಗಂಜಿ, ನೀರು ಮಜ್ಜಿಗೆ. ಮಾಂಸದಡುಗೆಯ ದಿನ ಒಂದಿಷ್ಟು ಮೂಳೆ.

ಇಂದು ಅದೇ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ಕೂತು ನಾಯಿಗೆ ಹಸಿ ಮಾಂಸ ಕೊಡಬೇಕೋ, ಬೇಯಿಸಿ ಕೊಡಬೇಕೋ, ಪ್ಯಾಕೆಟ್ ಆಹಾರವೇ ವಾಸಿಯೋ ಎಂದು ಚರ್ಚಿಸುತ್ತಾರೆ. ರಜೆಗೆ ಊರಿಗೆ ಬಂದಾಗ ಅದೇ ಪ್ರಶ್ನೆಯನ್ನು ಹಿರಿಯರ ಮುಂದೆ ಇಡುತ್ತಾರೆ. ಎರಡು ಉತ್ತರಗಳು ಕೂಡಲೇ ಸಿಗುತ್ತವೆ. ಒಂದು, ‘ನಮ್ಮ ನಾಯಿಗಳು ಅನ್ನ ಮಜ್ಜಿಗೆಯಲ್ಲೇ ಹದಿನೈದು ವರ್ಷ ಬದುಕಲಿಲ್ವಾ’ ಎಂಬುದು. ಇನ್ನೊಂದು, ‘ಬೇಟೆ ನಾಯಿಗಳು ಹಸಿ ಮಾಂಸ ತಿಂದೇ ಗಟ್ಟಿಯಾಗಿದ್ದವು’ ಎಂಬುದು. ಎರಡೂ ನೆನಪುಗಳು ನಿಜವೇ. ಆದರೆ ಎರಡರಲ್ಲೂ ಅರ್ಧ ಲೆಕ್ಕ ಬಿಟ್ಟುಹೋಗಿದೆ. ಮಲೆನಾಡಿನ ನಾಯಿಗೆ ಹಾಳೆಯಲ್ಲಿ ಬಡಿಸಿದ್ದು ಎಂದೂ ಅದರ ಪೂರ್ತಿ ಊಟವಾಗಿರಲಿಲ್ಲ. ಮಿಕ್ಕಿದ್ದನ್ನು ಗದ್ದೆ, ತೋಟ, ಕಾಡು ಒದಗಿಸುತ್ತಿದ್ದವು.

ಹಾಳೆಯಲ್ಲಿ ಏನಿರುತ್ತಿತ್ತು ಎಂಬುದು ಆ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬುದನ್ನು ಅವಲಂಬಿಸಿತ್ತು. ಮೂರು ತಾಲ್ಲೂಕುಗಳಲ್ಲಿ ಒಲೆಗಳು ಬೇರೆ ಬೇರೆ. ತುಂಗೆಯ ದಂಡೆಯ ಶೃಂಗೇರಿಯ ಸುತ್ತಿನ ಬ್ರಾಹ್ಮಣ ಮನೆಗಳಲ್ಲಿ ನಾಯಿಗೆ ಸಿಗುತ್ತಿದ್ದುದು ಅನ್ನ, ಹುಳಿಯ ಉಳಿಕೆ, ಮಜ್ಜಿಗೆ, ಒಮ್ಮೊಮ್ಮೆ ದೋಸೆ. ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಗೆ ನಡೆದುಕೊಳ್ಳುವ ಜೈನ ಮನೆಗಳಲ್ಲೂ ಮಾಂಸದ ಮಾತಿಲ್ಲ. ಒಕ್ಕಲಿಗರ, ದೀವರ, ದಲಿತರ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿಯ ಜೊತೆ ಒಣಮೀನಿನ ತಲೆ, ಏಡಿಯ ಚಿಪ್ಪು, ಕೋಳಿಯ ಮೂಳೆ ಬೀಳುತ್ತಿದ್ದವು. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದ ಕ್ರೈಸ್ತ ಕುಟುಂಬಗಳು ತಮ್ಮೊಂದಿಗೆ ಮರಗೆಣಸು ಮೀನಿನ ಊಟವನ್ನು ತಂದವು; ಅವರ ಅಂಗಳದ ನಾಯಿಗೆ ಬೇಯಿಸಿದ ಮರಗೆಣಸೂ ಊಟವಾಯಿತು. ಕಾಫಿ ತೋಟದ ಲೈನುಗಳಲ್ಲಿ ಕೂಲಿಯವರ ಮನೆಯ ನಾಯಿಗೆ ಸಿಕ್ಕಿದ್ದೇ ಊಟ, ಸಿಗದಿದ್ದರೆ ಉಪವಾಸ.

ಈ ಕೊಡುವಿಕೆಗೆ ಧರ್ಮದ ಕಟ್ಟಳೆಯೂ ಇತ್ತು. ವೈಶ್ವದೇವದ ಕ್ರಮದಲ್ಲಿ ಗೃಹಸ್ಥ ಉಣ್ಣುವ ಮೊದಲು ನಾಯಿ, ಕಾಗೆ, ಕ್ರಿಮಿಗಳಿಗೆ ನೆಲದ ಮೇಲೆ ಅನ್ನ ಇಡಬೇಕೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುತ್ತದೆ. ಅದೇ ಉಸಿರಿನಲ್ಲಿ ಅದು ಜಾತಿಯಿಂದ ಹೊರಗಿಟ್ಟ ಮನುಷ್ಯರನ್ನೂ ನಾಯಿಯ ಸಾಲಿಗೆ ತಳ್ಳಿ, ಅವರಿಗೂ ಅನ್ನವನ್ನು ನೆಲದ ಮೇಲೇ ಇಡಲು ಹೇಳುತ್ತದೆ. ನಾಯಿಯ ಊಟದ ಚರಿತ್ರೆ ಬರೆಯುವವರು ಈ ಮಾತನ್ನು ದಾಟಿ ಹೋಗಬಾರದು. ಯಾರ ಎಂಜಲು ಯಾರಿಗೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ನಾಯಿಗಳಿಗಷ್ಟೇ ಸಂಬಂಧಿಸಿದ್ದಾಗಿರಲಿಲ್ಲ. ಇನ್ನೊಂದೆಡೆ ನಾಯಿ ಭೈರವನ ವಾಹನವೂ ಹೌದು. ಶೃಂಗೇರಿಯ ನಾಲ್ಕು ದಿಕ್ಕು ಕಾಯುವ ದೇವತೆಗಳಲ್ಲಿ ಪೂರ್ವಕ್ಕೆ ಇರುವವನು ಕಾಲಭೈರವ. ಅದೇ ಜಿಲ್ಲೆಯ ಬಾಬಾಬುಡನ್‌ಗಿರಿಯ ದತ್ತಾತ್ರೇಯನ ಕಾಲ ಬಳಿ ಚಿತ್ರಗಳಲ್ಲಿ ನಾಲ್ಕು ನಾಯಿಗಳಿರುತ್ತವೆ. ಒಳಗೆ ಬಿಟ್ಟುಕೊಳ್ಳದ, ಹಸಿದಿರಲೂ ಬಿಡದ ಒಂದು ಸಂಬಂಧ ಇದು.

ಕನ್ನಡ ನಾಡಿನಲ್ಲಿ ನಾಯಿಗೆ ಸಿಕ್ಕ ಗೌರವದ ಅತಿ ದೊಡ್ಡ ದಾಖಲೆ ಮಲೆನಾಡಿನದಲ್ಲ, ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಆ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಮುಂದೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟಲಿ ಎಂದು ಶಾಸನ ಬರೆಸಿದರು. ಮನೆಯವರು ಉಂಡ ಮೇಲೆ ನಾಯಿಗೆ ಎಂಬುದು ಲೋಕದ ರೂಢಿಯಾದರೆ, ಇಲ್ಲಿ ನಾಯಿಗೆ ಪೂಜೆಯಾದ ಮೇಲೆ ಮನುಷ್ಯನ ಊಟ. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯ ಕೆಲಸವನ್ನೇ ಸಾವಿರ ವರ್ಷಗಳ ಮೇಲೂ ಮಲೆನಾಡಿನ ಕಂತ್ರಿ ನಾಯಿಗಳು ಮಾಡುತ್ತಿದ್ದವು. ಗದ್ದೆಯ ಮಾಳದಲ್ಲಿ ರಾತ್ರಿ ಕಾವಲಿಗೆ, ತೋಟಕ್ಕೆ ನುಗ್ಗುವ ಮಂಗ ಓಡಿಸುವುದಕ್ಕೆ ನಾಯಿ ಬೇಕೇ ಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದು ಬೇಕಾಗಿದ್ದುದು ಬೇಟೆಗೆ. ಊರಿನವರು ಸೇರಿ ಹಳು ನುಗ್ಗಿಸುವ ದೊಡ್ಡ ಬೇಟೆಯಲ್ಲಿ ಕೋವಿಯವರು ಕಂಡಿಗಳಲ್ಲಿ ನಿಂತರೆ, ಹಂದಿಯನ್ನು ಮಲಗಿದ್ದಲ್ಲಿಂದ ಎಬ್ಬಿಸಿ ಅತ್ತ ಅಟ್ಟುವುದು ನಾಯಿಗಳ ಕೆಲಸ. ಹಂದಿಯ ಕೋರೆಗೆ ಸಿಕ್ಕಿ ಹೊಟ್ಟೆ ಸೀಳಿಸಿಕೊಂಡ ನಾಯಿಯನ್ನು ಅಲ್ಲೇ ಸೂಜಿ ದಾರದಿಂದ ಹೊಲಿದು ಹೊತ್ತು ತಂದ ಕತೆಗಳು ಈ ಕಡೆಯ ಹಳೆಯ ಮನೆಗಳಲ್ಲಿ ಇನ್ನೂ ಕೇಳಸಿಗುತ್ತವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿಗಳಲ್ಲಿ ಇಂಥ ನಾಯಿಗಳು ಮನುಷ್ಯರ ಸರಿಸಮಕ್ಕೆ ಪಾತ್ರಗಳಾಗಿ ನಿಲ್ಲುತ್ತವೆ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನು ಓದಿದವರು ಮರೆಯುವುದಿಲ್ಲ. ಗುತ್ತಿ ಜೀತದಾಳು. ನಾಯಿ ಸಾಕುವುದಕ್ಕೆ ಹೆಗ್ಗಡೆಯೇ ಆಗಿರಬೇಕೆಂದಿರಲಿಲ್ಲ. ತನಗೇ ಹೊಟ್ಟೆತುಂಬ ಸಿಗದವನೂ ತನ್ನ ಗಂಜಿಯಲ್ಲಿ ಒಂದಿಷ್ಟು ಉಳಿಸಿ ನಾಯಿ ಸಾಕುತ್ತಿದ್ದ.

ಬೇಟೆಯಾದ ಮೇಲೆ ಪಾಲು. ಹಂದಿಯನ್ನು ಬಿದ್ದಲ್ಲೇ ಅಥವಾ ಹಳ್ಳದ ಬದಿಗೆ ಎಳೆದು ತಂದು, ಸುಟ್ಟು ಕೂದಲು ಹೆರೆದು, ಬಗೆಯುತ್ತಿದ್ದರು. ಗುಂಡು ಹೊಡೆದವನಿಗೆ ಹೆಚ್ಚಿನ ಪಾಲು, ಹಳು ನುಗ್ಗಿದವರಿಗೆ ಸಮಪಾಲು, ನಾಯಿ ತಂದವನಿಗೆ ನಾಯಿಯ ಹೆಸರಿನಲ್ಲಿ ಇನ್ನೊಂದು ಪಾಲು. ಬಗೆಯುವಾಗ ಹೊರಬಿದ್ದ ಕರುಳು, ಶ್ವಾಸಕೋಶ, ರಕ್ತ ಅಲ್ಲೇ ನಾಯಿಗಳಿಗೆ. ಉಳಿದ ಪಾಲು ಸೊಪ್ಪಿನಲ್ಲಿ ಕಟ್ಟಿ ಮನೆಗೆ ಬಂದು ಸಾರಾಗುತ್ತಿತ್ತು. ನಾಯಿಗೆ ಮತ್ತೆ ಸಿಗುತ್ತಿದ್ದುದು ಬೆಂದ ಮೂಳೆ.

ಹಸಿ ಮಾಂಸದ ಪರ ಮಾತಾಡುವವರು ನೆನೆಯುವುದು ಈ ಹಳ್ಳದ ಬದಿಯ ಊಟವನ್ನು. ಆದರೆ ಬೇಟೆ ದಿನವೂ ನಡೆಯುತ್ತಿರಲಿಲ್ಲ. ಮಳೆಗಾಲದ ಜಡಿಯಲ್ಲಿ, ನಟ್ಟಿಯ ದಿನಗಳಲ್ಲಿ, ಕೊನೆ ಕೊಯ್ಲಿನ ಹೊತ್ತಿನಲ್ಲಿ ಯಾರಿಗೂ ಅದಕ್ಕೆ ಬಿಡುವಿರಲಿಲ್ಲ. ಹೋದ ದಿನವೆಲ್ಲ ಹಂದಿ ಸಿಗುತ್ತಲೂ ಇರಲಿಲ್ಲ. ವರ್ಷದ ಬಹುಪಾಲು ದಿನ ಆ ನಾಯಿಗಳ ಹೊಟ್ಟೆ ಹೊರೆದದ್ದು ಅಕ್ಕಿಯೇ. ಹಸಿ ಮಾಂಸವೊಂದರ ಮೇಲೆಯೇ ಬದುಕಿದ ನಾಯಿ ಮಲೆನಾಡಿನ ಚರಿತ್ರೆಯಲ್ಲಿ ಇಲ್ಲ. ಅಂಥ ಐಶ್ವರ್ಯ ಯಾವ ಮನೆಗೂ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೇ ಅಪರಾಧವಾಯಿತು. ಕದ್ದು ಮುಚ್ಚಿ ನಡೆದದ್ದು ಬೇರೆ. ಊರೊಟ್ಟಿಗಿನ ಬೇಟೆ, ಅದರ ಪಾಲಿನ ಕಟ್ಟಳೆ, ನಾಯಿಯ ಹಕ್ಕು ಕ್ರಮೇಣ ಇಲ್ಲವಾದವು. ಕಾಡಿನ ದೃಷ್ಟಿಯಿಂದ ಆದದ್ದು ಸರಿಯೇ. ನಾಯಿಯ ಊಟದಲ್ಲಿ ಮಾತ್ರ ಒಂದು ಭಾಗ ಕಳೆದುಹೋಯಿತು, ಅದರ ಬದಲಿಗೆ ಏನೂ ಬರಲಿಲ್ಲ.

ಹಾಗಾದರೆ ಅಕ್ಕಿ ನಾಯಿಗೆ ಹೊಂದುವ ಆಹಾರವೇ? ನಾಯಿ ತೋಳದ ವಂಶದ್ದು, ಅದಕ್ಕೆ ಅನ್ನ ಹಾಕುವುದೇ ತಪ್ಪು ಎಂಬ ವಾದವೊಂದಿದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಒಳ್ಳೆಯ ಉತ್ತರ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು ಪ್ರತಿಗಳವರೆಗೆ ಕಂಡವು. ಬೇಸಾಯಗಾರನ ಒಲೆಯ ಪಕ್ಕ ಸಾವಿರಾರು ವರ್ಷ ಕಾದು ಕೂತ ಪ್ರಾಣಿಯ ದೇಹವೇ ಆ ಒಲೆಗೆ ತಕ್ಕಂತೆ ಬದಲಾಗಿದೆ. ಬೇಯಿಸಿದ ಅನ್ನವನ್ನು ನಾಯಿ ಚೆನ್ನಾಗಿಯೇ ಜೀರ್ಣಿಸಿಕೊಳ್ಳುತ್ತದೆ.

ಜೀರ್ಣವಾಗುವುದು ಬೇರೆ, ಸಾಕಾಗುವುದು ಬೇರೆ. ಹದಿನೈದು ಕಿಲೋ ತೂಗುವ, ಸಾಧಾರಣ ಓಡಾಟದ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿ ಬೇಕು. ಅಷ್ಟನ್ನೂ ಅಕ್ಕಿಯಿಂದಲೇ ಕೊಡುವುದಾದರೆ ಕಾಲು ಕಿಲೋ ಅಕ್ಕಿ. ಅದರಲ್ಲಿ ಸಿಗುವ ಪ್ರೋಟೀನು ಹದಿನೆಂಟು ಗ್ರಾಮಿನಷ್ಟು. ಅಮೆರಿಕದ ಪಶು ಆಹಾರ ಮಾನದಂಡದ ಪ್ರಕಾರ ಆ ನಾಯಿಗೆ ಬೇಕಾದದ್ದು ನಲವತ್ತು ಗ್ರಾಂ. ಕ್ಯಾಲ್ಸಿಯಂ ಒಂದು ಗ್ರಾಮಿಗಿಂತ ಹೆಚ್ಚು ಬೇಕು, ಅನ್ನದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಕಡೆದು ಬೆಣ್ಣೆ ತೆಗೆದು ನೀರು ಬೆರೆಸಿದ ಮಜ್ಜಿಗೆಯಿಂದ ಸೇರುವುದೂ ಸ್ವಲ್ಪವೇ. ಸತು, ಅಯೋಡಿನ್, ಕೊಬ್ಬಿನಾಂಶ ಎಲ್ಲದರಲ್ಲೂ ಇದೇ ಕತೆ. ಕಾಗದದ ಮೇಲೆ ನೋಡಿದರೆ ಅನ್ನ ಮಜ್ಜಿಗೆಯ ನಾಯಿ ಬಡಕಲಾಗಿ, ಕೂದಲುದುರಿ ನರಳಬೇಕಿತ್ತು.

ಹಲವು ನರಳಿದವು ಕೂಡ. ಚರ್ಮ ಒಣಗಿ ಕಜ್ಜಿ ಹತ್ತಿದ, ಪಕ್ಕೆಲುಬು ಎಣಿಸಬಹುದಾದ ನಾಯಿಗಳು ಹಳೆಯ ಮಲೆನಾಡಿನಲ್ಲಿ ಕಡಿಮೆಯೇನೂ ಇರಲಿಲ್ಲ. ಹದಿನೈದು ವರ್ಷ ಬದುಕಿದ ನಾಯಿಯನ್ನು ಮನೆಯವರು ನೆನೆಯುತ್ತಾರೆ. ಮರಿಯಲ್ಲೇ ಸತ್ತವು, ಚಿರತೆಯ ಪಾಲಾದವು ನೆನಪಿನ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಗಟ್ಟಿಮುಟ್ಟಾಗಿ ಉಳಿದ ನಾಯಿಗಳೂ ನಿಜ. ಅವು ಉಳಿದದ್ದು ಕಟ್ಟಿಹಾಕದೆ ಬಿಟ್ಟಿದ್ದರಿಂದ. ಭತ್ತದ ಕಣಜದ ಸುತ್ತ ಇಲಿ, ಗೊಬ್ಬರ ಗುಂಡಿಯಲ್ಲಿ ಹೆಗ್ಗಣ, ಗದ್ದೆಯ ಬದುವಿನಲ್ಲಿ ಏಡಿ ಕಪ್ಪೆ, ಮಳೆ ಶುರುವಾದೊಡನೆ ಹಳ್ಳ ಹತ್ತುವ ಮೀನು, ಸತ್ತ ದನ, ಕೊಟ್ಟಿಗೆಯಲ್ಲಿ ಕರು ಹಾಕಿದಾಗ ಬಿದ್ದ ಕಸ: ನಾಯಿಗೆ ಬೇಕಾದ ಪ್ರೋಟೀನು, ಮೂಳೆಯ ಸುಣ್ಣ ಎಲ್ಲವೂ ಅಲ್ಲಿತ್ತು. ಹಾಳೆಯ ಅನ್ನ ಹೊಟ್ಟೆಯ ಕಾವು ಆರದಂತೆ ನೋಡಿಕೊಳ್ಳುತ್ತಿತ್ತು, ಉಳಿದದ್ದನ್ನು ನಾಯಿ ತಾನೇ ದುಡಿದು ತಿನ್ನುತ್ತಿತ್ತು.

ಖರ್ಚಿನ ಮಾತು ಆಗ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಭತ್ತ ಕುಟ್ಟಿದಾಗ ಮುರಿದ ನುಚ್ಚು ಮನೆಯಲ್ಲೇ ಬೀಳುತ್ತಿತ್ತು. ತೌಡು ದನಕ್ಕೆ, ನುಚ್ಚು ಕೋಳಿಗೂ ನಾಯಿಗೂ. ಬಚ್ಚಲ ಒಲೆಯ ಬೆಂಕಿ ಹೇಗೂ ಉರಿಯುತ್ತಿತ್ತು, ಅದರ ಮೂಲೆಯಲ್ಲಿ ಒಂದು ಮಡಕೆ ನುಚ್ಚು ಬೇಯುವುದಕ್ಕೆ ಬೇರೆ ಸೌದೆ ಬೇಡ. ಮನೆಮಂದಿ ಇಪ್ಪತ್ತಿದ್ದರೆ ಉಳಿಕೆಯೂ ಅಷ್ಟಿರುತ್ತಿತ್ತು.

ಈ ಏರ್ಪಾಡಿನ ಬುಡವೇ ಭತ್ತದ ಗದ್ದೆ. ಅದು ಕುಸಿಯತೊಡಗಿದ್ದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ. 1960ರ ದಶಕದಲ್ಲಿ ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು ಮುಗಿದು ನೀರು ನಿಂತಾಗ ನರಸಿಂಹರಾಜಪುರದ ಸುತ್ತಿನ ಫಲವತ್ತಾದ ಬಯಲುಗಳು ಮುಳುಗಿದವು. ಮುಳುಗದ ಕಡೆ ಗದ್ದೆಗೆ ಅಡಕೆ ಏರಿತು. ಅಡಕೆಗೆ ಬೆಲೆ, ಭತ್ತಕ್ಕೆ ಕೂಲಿಯ ಖರ್ಚೂ ಹುಟ್ಟದ ಸ್ಥಿತಿ. ಗದ್ದೆ ತೋಟವಾಗದೆ ಇನ್ನೇನಾಗಬೇಕು? ಈಗ ಶೃಂಗೇರಿ ಕೊಪ್ಪದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ, ಅದರ ಮೇಲೆ ಎಲೆಚುಕ್ಕಿ ರೋಗ. ಮಕ್ಕಳು ಊರು ಬಿಟ್ಟರು. ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು, ಒಂದು ನಾಯಿ. ಕುಕ್ಕರಿನಲ್ಲಿ ಅಳೆದು ಬೇಯಿಸಿದ ಅನ್ನದಲ್ಲಿ ಉಳಿಕೆ ಎಲ್ಲಿಂದ ಬರಬೇಕು? ನಾಯಿಗೆಂದೇ ಅಕ್ಕಿ ಹಾಕುವ ಪದ್ಧತಿ ಶುರುವಾಯಿತು. 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆ ಬಡ ಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಕೊಡತೊಡಗಿದ ಮೇಲೆ, ಕುಚ್ಚಲಕ್ಕಿ ಉಂಡು ರೂಢಿಯಾದ ಮನೆಗಳಲ್ಲಿ ಆ ಬೆಳ್ತಿಗೆ ಅಕ್ಕಿಯ ಒಂದಂಶ ನಾಯಿ ಕೋಳಿಗಳಿಗೂ ಸಂದಿತು.

ಹೀಗೆ ಅಕ್ಕಿಯೇನೋ ಉಳಿಯಿತು, ಆದರೆ ಅದರ ಜೊತೆಗಿದ್ದ ಗದ್ದೆ, ಕಣಜ, ಏಡಿ, ಇಲಿ ಹೋದವು. ನಾಯಿಯ ಕೊರಳಿಗೆ ಸರಪಳಿ ಬಂತು. ಚಿರತೆಯ ಭಯ, ರಸ್ತೆಯಲ್ಲಿ ವಾಹನ, ಪಕ್ಕದ ಮನೆಯ ಕೋಳಿಯ ಜಗಳ. ಕಟ್ಟುವುದಕ್ಕೆ ಕಾರಣಗಳೇನೋ ಇವೆ. ಜೊತೆಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳು ಪೇಟೆಯಿಂದ ಬಂದವು. ಮೂವತ್ತು ಕಿಲೋಗೆ ಬೆಳೆಯಬೇಕಾದ ಮರಿಗೆ ಅದೇ ಅನ್ನ, ಅದೇ ಹಾಲು. ಮುಂಗಾಲು ಸೊಟ್ಟಗಾದ, ಮಣಿಕಟ್ಟು ಊದಿದ ಮರಿಗಳನ್ನು ಜೀಪಿನಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ತರುವುದು ಈ ಊಟದ ನೇರ ಫಲ. ಹಳೆಯ ಹಾಳೆಯ ಊಟವನ್ನು ಕಟ್ಟಿದ ನಾಯಿಗೆ ಹಾಕಿ ‘ಹಿಂದೆ ನಡೀತಿರ್ಲಿಲ್ವಾ’ ಎನ್ನುವುದು ಆ ಪ್ರಾಣಿಗೆ ಮಾಡುವ ಅನ್ಯಾಯ.

ಅಂಗಡಿಯ ಆಹಾರ ಬಂದದ್ದು ಈ ಸಂದಿಯಲ್ಲಿ. ಅದರ ಮೂಲ ಲಂಡನ್ನಿನದು. 1860ರ ಸುಮಾರಿಗೆ ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕದ ವ್ಯಾಪಾರಿ ಅಲ್ಲಿ ಗೋಧಿ, ತರಕಾರಿ, ಮಾಂಸ ಸೇರಿಸಿ ನಾಯಿ ಬಿಸ್ಕತ್ತು ಮಾಡಿ ಶ್ರೀಮಂತರ ಬೇಟೆ ನಾಯಿಗಳಿಗೆ ಮಾರಿದ. ನೂರು ವರ್ಷಗಳಲ್ಲಿ ಅದು ಪಶ್ಚಿಮದ ಮನೆಮನೆಯ ರೂಢಿಯಾಯಿತು. ಅದಕ್ಕೆ ಎದುರಾಗಿ 1993ರಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಬರೆದ ಪುಸ್ತಕ ಹಸಿ ಮಾಂಸ, ಹಸಿ ಮೂಳೆಯೇ ನಾಯಿಯ ಸಹಜ ಆಹಾರ ಎಂದು ಸಾರಿತು. ಇಂದಿನ ಹಸಿ ಆಹಾರದ ಚಳವಳಿಗೆ ಅದೇ ಬೀಜ. ಕೊಪ್ಪದ ಅಂಗಡಿಗಳಲ್ಲೂ ಈಗ ನಾಯಿ ಆಹಾರದ ಚೀಲಗಳು ತೂಗುತ್ತವೆ. ಯಾವ ಕಂಪನಿಯದಾದರೂ ಜನ ಅದಕ್ಕೆ ಪೆಡಿಗ್ರಿ ಎಂದೇ ಹೆಸರಿಟ್ಟಿದ್ದಾರೆ.

ಅದೇ ಹದಿನೈದು ಕಿಲೋ ನಾಯಿಗೆ ಈಗಿನ ಪೇಟೆ ಧಾರಣೆಯಲ್ಲಿ ಲೆಕ್ಕ ಹಾಕಿದರೆ ಹೀಗೆ. ಸಾಧಾರಣ ದರ್ಜೆಯ ಚೀಲದ ಆಹಾರ ಕಿಲೋಗೆ ಇನ್ನೂರು ಇನ್ನೂರೈವತ್ತು ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ ಕಾಲು ಕಿಲೋಗೆ ಐವತ್ತರಿಂದ ಅರವತ್ತು ರೂಪಾಯಿ. ಮನೆಯಲ್ಲಿ ಬೇಯಿಸುವುದಾದರೆ ನೂರಿಪ್ಪತ್ತು ಗ್ರಾಂ ಅಕ್ಕಿ, ಇನ್ನೂರು ಗ್ರಾಂ ಕೋಳಿ, ಒಂದು ಮೊಟ್ಟೆ, ಒಂದು ಹಿಡಿ ತರಕಾರಿ, ಚಮಚ ಎಣ್ಣೆ: ಅದೂ ಹೆಚ್ಚುಕಡಿಮೆ ಅರವತ್ತೇ. ಕೋಳಿ ಅಂಗಡಿಯಲ್ಲಿ ತಲೆ, ಕಾಲು, ಚರ್ಮ, ಈಲಿ ಸಿಕ್ಕಿದರೆ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಹಸಿ ಮಾಂಸವಾದರೆ ದಿನಕ್ಕೆ ಅರ್ಧ ಕಿಲೋ ಬೇಕು, ನೂರು ರೂಪಾಯಿ ದಾಟುತ್ತದೆ. ಅದನ್ನು ಇಡಲು ಫ್ರಿಜ್ ಬೇಕು, ಆಷಾಢದ ಗಾಳಿಮಳೆಗೆ ಮೂರು ದಿನ ಕರೆಂಟ್ ಹೋದರೆ ಅಷ್ಟೂ ಹಾಳು. ಮನೆಯ ಊಟ ಅಗ್ಗ ಎಂಬುದು ಭತ್ತ ಮನೆಯಲ್ಲೇ ಬೆಳೆಯುತ್ತಿದ್ದ ಕಾಲದ ಮಾತು. ಇಂದು ಅದರ ಹೆಚ್ಚುಗಾರಿಕೆ ಇರುವುದು ದುಡ್ಡಿನ ಉಳಿತಾಯದಲ್ಲಲ್ಲ. ಮೀನು, ಮೊಟ್ಟೆ, ಕುಂಬಳ ಸಿಕ್ಕಿದ ದಿನ ಸಿಕ್ಕಿದ್ದನ್ನು ತಾಜಾ ಕೊಡಬಹುದು, ಹಲ್ಲಿಲ್ಲದ ಮುದಿ ನಾಯಿಗೆ ಮೆತ್ತಗೆ ಮಾಡಬಹುದು, ಒಳಗೆ ಏನು ಹೋಗಿದೆ ಎಂದು ತಿಳಿದಿರುತ್ತದೆ.

ಹಸಿ ಮಾಂಸದ ಅಪಾಯವನ್ನು ಹೇಳುವಾಗ ಅಡಕೆಯ ಮಾತು ಬಾರದೆ ಇರದು. ಕುರಿ, ದನ, ಹಂದಿಯ ಈಲಿಯಲ್ಲೂ ಶ್ವಾಸಕೋಶದಲ್ಲೂ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಲಾಡಿಹುಳು ಬೆಳೆಯುತ್ತದೆ, ಎಕಿನೊಕಾಕಸ್. ನಾಯಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ನಾಯಿಯ ಮಲದ ಮೂಲಕ ಹೊರಬಿದ್ದ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಅವನ ಈಲಿಯಲ್ಲಿ ಅಂಥದೇ ಗುಳ್ಳೆ ವರ್ಷಗಟ್ಟಲೆ ಬೆಳೆದು ಶಸ್ತ್ರಚಿಕಿತ್ಸೆಗೆ ತಂದು ನಿಲ್ಲಿಸುತ್ತದೆ. ಕುರಿ ಸಾಕಣೆಯ ನ್ಯೂಜಿಲೆಂಡ್ ಈ ರೋಗದಿಂದ ಬಹಳ ನರಳಿತು. ಅಲ್ಲಿನ ರೈತರು ಕುರಿ ಕಡಿದಾಗ ಒಳಭಾಗಗಳನ್ನು ಹಸಿಯಾಗಿಯೇ ನಾಯಿಗಳಿಗೆ ಹಾಕುತ್ತಿದ್ದರು. 1959ರಲ್ಲಿ ಆ ದೇಶ ಇದಕ್ಕೆಂದೇ ಕಾಯ್ದೆ ತಂದಿತು. ಊರೂರಲ್ಲಿ ನಿಗದಿಯಾದ ಜಾಗಕ್ಕೆ ರೈತರು ನಾಯಿಗಳನ್ನು ತಂದು ಗೂಟಕ್ಕೆ ಕಟ್ಟಬೇಕಿತ್ತು, ಅಧಿಕಾರಿ ಔಷಧ ಕುಡಿಸುತ್ತಿದ್ದ, ಸ್ವಲ್ಪ ಹೊತ್ತಿನಲ್ಲೇ ಭೇದಿಯಾಗಿ ಹುಳು ಹೊರಬೀಳುತ್ತಿತ್ತು, ಅದನ್ನು ಪರೀಕ್ಷಿಸುತ್ತಿದ್ದರು. ದಶಕಗಳ ಕಾಲ ಆ ಔಷಧವಾಗಿದ್ದುದು ಅರಿಕೋಲಿನ್, ಅಡಕೆಯ ಸತ್ವ. 1888ರಲ್ಲಿ ಜರ್ಮನಿಯ ಯಾನ್ಸ್ ಅಡಕೆಯಿಂದ ಬೇರ್ಪಡಿಸಿದ ವಸ್ತು ಅದು. ಅದಕ್ಕೂ ಮೊದಲು ಅಡಕೆಯ ಪುಡಿಯನ್ನೇ ಬ್ರಿಟನ್ನಿನಲ್ಲಿ ನಾಯಿಯ ಲಾಡಿಹುಳುವಿಗೆ ಕೊಡುತ್ತಿದ್ದರು. ಮುಂದೆ ಪ್ರಾಜಿಕ್ವಾಂಟೆಲ್ ಬಂದು ಅರಿಕೋಲಿನ್ ಮೂಲೆ ಸೇರಿತು, ಸೇರಿದ್ದೂ ಒಳ್ಳೆಯದೇ, ಯಾಕೆಂದರೆ ಅಳತೆ ತಪ್ಪಿದರೆ ಅದು ನಾಯಿಯ ಜೀವಕ್ಕೇ ಕುತ್ತು. 2002ರಲ್ಲಿ ನ್ಯೂಜಿಲೆಂಡ್ ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತವಾಯಿತೆಂದು ಘೋಷಿಸಲಾಯಿತು. ಹಸಿ ಒಳಭಾಗ ಹಾಕುವುದನ್ನು ನಿಲ್ಲಿಸದೆ ಇದ್ದಿದ್ದರೆ ಯಾವ ಔಷಧದಿಂದಲೂ ಇದು ಆಗುತ್ತಿರಲಿಲ್ಲ.

ಹಳ್ಳದ ಬದಿಯಲ್ಲಿ ಹಂದಿಯ ಶ್ವಾಸಕೋಶ ತಿಂದ ಬೇಟೆ ನಾಯಿಗಳೂ ಈ ಸುತ್ತಿನಿಂದ ಹೊರಗಿರಲಿಲ್ಲ, ಆಗ ಅದನ್ನು ಗುರುತಿಸುವವರಿರಲಿಲ್ಲ ಅಷ್ಟೆ. ಅಂಗಡಿಯ ಹಸಿ ಮಾಂಸಕ್ಕೆ ಬೇರೆ ಅಪಾಯ. 2010ರಿಂದ 2012ರವರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಸಿ ಪ್ರಾಣಿ ಆಹಾರದ 196 ಮಾದರಿಗಳನ್ನು ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕವು. ನಾಯಿ ಇದನ್ನು ತಡೆದುಕೊಳ್ಳಬಹುದು; ಅದರ ಪಾತ್ರೆ ತೊಳೆಯುವ ಅಜ್ಜಿ, ಅದರ ಮೂತಿ ಸವರುವ ಮಗು ತಡೆದುಕೊಳ್ಳಬೇಕಲ್ಲ. ಭದ್ರಾ ಹಿನ್ನೀರಿನ ಮೀನನ್ನೂ ಬೇಯಿಸಿಯೇ ಹಾಕುವುದು ಕ್ಷೇಮ. ಕಾರ್ಪ್ ಜಾತಿಯ ಕೆಲವು ಮೀನುಗಳು ಹಸಿಯಾಗಿದ್ದಾಗ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವ ಹೊಂದಿರುತ್ತವೆ, ಬೇಯಿಸಿದರೆ ಅದು ಅಳಿಯುತ್ತದೆ.

ಬೇಯಿಸಿ ಕೊಟ್ಟೊಡನೆ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೂ ಪುರಾವೆಯಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 2013ರಲ್ಲಿ ಪುಸ್ತಕಗಳಲ್ಲೂ ಅಂತರ್ಜಾಲದಲ್ಲೂ ಸಿಗುವ ನಾಯಿ ಅಡುಗೆಯ 200 ಪಾಕಗಳನ್ನು ಲೆಕ್ಕ ಹಾಕಿ ನೋಡಿದರು. ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಅತ್ಯಗತ್ಯ ಪೋಷಕಾಂಶ ಕಡಿಮೆ ಇತ್ತು. ಇಲ್ಲಿನ ಒಲೆಗಳಲ್ಲಿ ಸಾಮಾನ್ಯವಾಗಿ ತಪ್ಪುವುದು ಸುಣ್ಣದಂಶ. ಅನ್ನ ಕೋಳಿ ಎರಡೂ ಇದ್ದರೂ ಕ್ಯಾಲ್ಸಿಯಂ ಇರುವುದಿಲ್ಲ, ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಆಗ ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಹಿಂದೆ ಏಡಿಯ ಚಿಪ್ಪು, ಇಲಿಯ ಎಲುಬು ಈ ಕೊರತೆ ತುಂಬುತ್ತಿದ್ದವು. ಈಗ ಮೊಟ್ಟೆಯ ಚಿಪ್ಪು ಆ ಕೆಲಸ ಮಾಡಬಲ್ಲದು: ತೊಳೆದು, ಒಲೆಯ ಮೇಲೆ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿಮಾಡಿದರೆ ಅರ್ಧ ಚಮಚದಲ್ಲಿ ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಬೆಂದ ಕೋಳಿ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ, ಅದನ್ನು ಆರಿಸಿ ತೆಗೆಯಬೇಕು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯವರ ಸಾರಿಗೆ ಒಗ್ಗರಣೆ ಬೀಳುವ ಮೊದಲೇ ನಾಯಿಯ ಪಾಲನ್ನು ತೆಗೆದಿಡುವುದು ಒಳ್ಳೆಯದು. ಬೆಳೆಯುವ ಮರಿಗೆ, ಗಬ್ಬದ ನಾಯಿಗೆ, ಮೂತ್ರಪಿಂಡ ಕೆಟ್ಟ ಮುದಿ ನಾಯಿಗೆ ಈ ಅಳತೆಗಳೆಲ್ಲ ಬದಲಾಗುತ್ತವೆ, ಅಲ್ಲಿ ವೈದ್ಯರನ್ನು ಕೇಳಲೇಬೇಕು. ಮೂರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ, ಇವೆರಡನ್ನೂ ಊಟದ ಖರ್ಚಿನಲ್ಲೇ ಸೇರಿಸಿ ಲೆಕ್ಕ ಇಡುವ ಮನೆಗಳು ಈ ಮೂರು ತಾಲ್ಲೂಕುಗಳಲ್ಲಿ ನಿಧಾನವಾಗಿ ಹೆಚ್ಚುತ್ತಿವೆ.